ಹಳೇ ಡಿಸ್ಕನ್ನು ಮುಟ್ಟಲೇಬೇಡಿ

ಪ್ರಶ್ನೆ: ನಮ್ಮ ತಂದೆಯವರ ಕಂಪ್ಯೂಟರ್ 2011ರಲ್ಲಿ ಅಂಗಡಿಯವರು ಜೋಡಿಸಿ ಕೊಟ್ಟಿದ್ದು. ಇಂಟೆಲ್ ಕೋರ್ ಐ3 ಎರಡನೇ ತಲೆಮಾರು, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7, 32 ಬಿಟ್. ಅಪ್ಪ ನಿವೃತ್ತ ಮೇಷ್ಟ್ರು. ಇಷ್ಟು ವರ್ಷ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಬರಹ, ಮನೆಯ ಫೋಟೋ, ಮದುವೆ ವೀಡಿಯೋ, ಅಣ್ಣನ ಅಂಗಡಿಯ ಹಳೇ ಟ್ಯಾಲಿ ಲೆಕ್ಕ, ಎಲ್ಲ ಅದರಲ್ಲೇ ಇದೆ. ಈಗ ಬ್ಯಾಂಕಿನ ಸೈಟು ತೆರೆಯುತ್ತಿಲ್ಲ. ರಿಪೇರಿ ಅಂಗಡಿಯವರು "ಬೇಕಾದ್ದನ್ನೆಲ್ಲ ಡಿ ಡ್ರೈವ್‌ಗೆ ಹಾಕಿ ತನ್ನಿ, ಸಿ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕ್ತೀವಿ" ಅಂದರು. ಹಾಗೆ ಮಾಡಿಸಬಹುದಾ? ಒಂದು ಫೈಲೂ ಕಳೆದುಹೋಗಬಾರದು. ಇನ್ನೊಂದು, ಅಪ್ಪನಿಗೆ ಹೊಸದೇನೂ ಬೇಡವಂತೆ. "ಇದೇ ಚೆನ್ನಾಗಿದೆ" ಅಂತಾರೆ.
(ಶಿರಸಿ ಕಡೆಯ ಓದುಗರೊಬ್ಬರು)

ಉತ್ತರ: ಮೊದಲು ಪರದೆಯ ಕೆಳಗೆ ಬಲಮೂಲೆಯಲ್ಲಿ ತಾರೀಖು ಏನಿದೆ ನೋಡಿ. ಪ್ರತಿ ಸಲ ಆನ್ ಮಾಡಿದಾಗ 2011ಕ್ಕೋ 2009ಕ್ಕೋ ಹೋಗಿ ಕೂತಿದ್ದರೆ ಮದರ್‌ಬೋರ್ಡಿನ ಮೇಲಿರುವ ಬಿಲ್ಲೆಯಂಥ ಬ್ಯಾಟರಿ ಸತ್ತಿದೆ ಅಂತ ಅರ್ಥ. ಸಿಆರ್ 2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಂಕಿನಂಥ ಸೈಟುಗಳು ತಾವು ಅಸಲಿ ಅಂತ ಬ್ರೌಸರಿಗೆ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಒಂದು ಅವಧಿ ಇರುತ್ತದೆ. ನಿಮ್ಮ ಗಡಿಯಾರ ಆ ಅವಧಿಯ ಹೊರಗಿದ್ದರೆ ಬ್ರೌಸರ್ ಬಾಗಿಲು ತೆರೆಯುವುದಿಲ್ಲ. ಇಷ್ಟು ಸಣ್ಣ ಕಾರಣಕ್ಕೆ ಇಡೀ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸಿಕೊಂಡವರನ್ನು ನಾನು ನೋಡಿದ್ದೇನೆ.

ತಾರೀಖು ಸರಿಯಾಗಿದ್ದರೆ ತೊಂದರೆ ವಿಂಡೋಸ್ 7ರದ್ದೇ. ಅದಕ್ಕೆ ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟ್ ಕೊಡುವುದನ್ನು 2020ರ ಜನವರಿ 14ಕ್ಕೆ ನಿಲ್ಲಿಸಿತು. ಕ್ರೋಮ್ ಬ್ರೌಸರ್ ಕೂಡ ಅದರ ಮೇಲೆ 109ನೇ ಆವೃತ್ತಿಗೇ ನಿಂತುಹೋಗಿದೆ. ಅದು ಬಂದದ್ದು 2023ರ ಜನವರಿಯಲ್ಲಿ. ಅಂಥ ಬ್ರೌಸರಿನಲ್ಲಿ ದುಡ್ಡಿನ ವ್ಯವಹಾರ ಮಾಡುವುದು ನನಗೂ ಇಷ್ಟವಿಲ್ಲ. ಬದಲಾಯಿಸುವ ನಿಮ್ಮ ಯೋಚನೆ ಸರಿ. ಅಂಗಡಿಯವರು ಹೇಳಿದ ದಾರಿ ಮಾತ್ರ ಬೇಡ.

ಯಾಕೆ ಅಂತ ಹೇಳುತ್ತೇನೆ. ಸಿ, ಡಿ, ಇ ಅಂತ ಮೂರು ಡ್ರೈವ್ ಕಂಡರೂ ಒಳಗಿರುವುದು ಒಂದೇ ಡಿಸ್ಕ್. ಒಂದೇ ಮರದ ಬೀರುವಿನ ಮೂರು ಖಾನೆ ಇದ್ದ ಹಾಗೆ. ಗೆದ್ದಲು ಹಿಡಿದರೆ ಯಾವ ಖಾನೆಯಲ್ಲಿ ಇಟ್ಟಿದ್ದೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ನಿಮ್ಮದು 2011ರಿಂದ ತಿರುಗುತ್ತಿರುವ ಡಿಸ್ಕ್. ಇನ್ನೊಂದು ಅಪಾಯ ಇನ್‌ಸ್ಟಾಲ್ ಮಾಡುವ ಪರದೆಯಲ್ಲಿದೆ. ಅಲ್ಲಿ ಸಿ, ಡಿ ಅಂತ ಅಕ್ಷರ ಕಾಣಿಸುವುದಿಲ್ಲ. ಡ್ರೈವ್ 0 ಪಾರ್ಟಿಷನ್ 1, ಪಾರ್ಟಿಷನ್ 2 ಅಂತ ಬರುತ್ತದೆ, ಪಕ್ಕದಲ್ಲಿ ಎಷ್ಟು ಜಿಬಿ ಅಂತಿರುತ್ತದೆ. ಎರಡು ಪಾರ್ಟಿಷನ್ ಹೆಚ್ಚುಕಡಿಮೆ ಒಂದೇ ಅಳತೆಯವಾದರೆ ಸಂಜೆ ಏಳು ಗಂಟೆಗೆ ಹತ್ತನೇ ಕಂಪ್ಯೂಟರ್ ಮುಂದೆ ಕೂತ ಹುಡುಗ ಯಾವುದನ್ನು ಅಳಿಸುತ್ತಾನೋ ಹೇಳಲಾಗದು. ಅವನನ್ನು ಬೈದು ಪ್ರಯೋಜನವಿಲ್ಲ.

ಹಾಗಾದರೆ ಫೈಲುಗಳನ್ನು ಇದ್ದಲ್ಲೇ ಇಟ್ಟು ಮೇಲಿನಿಂದ ಅಪ್‌ಗ್ರೇಡ್ ಮಾಡುವ ಸೌಲಭ್ಯ ಇಲ್ಲವಾ? ಇದೆ, ನಿಮ್ಮ ಯಂತ್ರಕ್ಕೆ ದಕ್ಕುವುದಿಲ್ಲ. ಫೈಲು, ಪ್ರೋಗ್ರಾಂ ಎರಡನ್ನೂ ಉಳಿಸಿಕೊಂಡು ಮೇಲೇರಬೇಕಾದರೆ 32 ಬಿಟ್‌ನಿಂದ 32 ಬಿಟ್‌ಗೇ ಹೋಗಬೇಕು. ವಿಂಡೋಸ್ 11ರಲ್ಲಿ 32 ಬಿಟ್ ಅನ್ನುವುದೇ ಇಲ್ಲ. ಜೊತೆಗೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಿಮ್ಮದು ಎರಡನೆಯದು. ಈ ತಪಾಸಣೆಯನ್ನು ತಪ್ಪಿಸಿ ಹಾಕಿಕೊಡುವವರು ಸಿಗುತ್ತಾರೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಹೇಳಿದ್ದಾರೆ. ಹಳೇ ವಿಂಡೋಸ್ 7 ಕೀ ಹಾಕಿ ಪುಕ್ಕಟೆಯಾಗಿ 10 ಪಡೆಯುತ್ತಿದ್ದ ದಾರಿಯನ್ನು 2023ರಲ್ಲೇ ಮುಚ್ಚಿದರು. ಹೀಗಿರುವಾಗ ಅಂಗಡಿಯವರು "ಹೊಸ ವಿಂಡೋಸ್" ಅಂದರೆ ಯಾವುದು, ಅದರ ಲೈಸೆನ್ಸ್ ಎಲ್ಲಿಂದ ಬರುತ್ತದೆ ಅಂತ ಒಮ್ಮೆ ಕೇಳಿ ನೋಡಿ.

ನನ್ನ ಸಲಹೆ ಇಷ್ಟು. ಹಳೇ ಡಿಸ್ಕನ್ನು ಅಪ್‌ಗ್ರೇಡ್ ಮಾಡಬೇಡಿ. ಅದನ್ನು ಬಿಚ್ಚಿ ಪಕ್ಕಕ್ಕಿಡಿ. ಅದರ ಜಾಗಕ್ಕೆ ಹೊಸ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿ, ಹೊಸ ಆಪರೇಟಿಂಗ್ ಸಿಸ್ಟಮ್ ಅದರ ಮೇಲೆ ಬರಲಿ. ತಂತಿಯೇ ಸಿಕ್ಕಿಸಿರದ ಡಿಸ್ಕನ್ನು ಯಾರೂ ಅಳಿಸಲಾರರು. ಏನೇ ಎಡವಟ್ಟಾದರೂ ಹಳೆಯದನ್ನು ಮತ್ತೆ ಸಿಕ್ಕಿಸಿದರೆ ನಿಮ್ಮ ವಿಂಡೋಸ್ 7 ನಿನ್ನೆ ಇದ್ದ ಹಾಗೇ ಎದ್ದು ನಿಲ್ಲುತ್ತದೆ. ಎಸ್‌ಎಸ್‌ಡಿ ಕೊಳ್ಳುವಾಗ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಅಂತಲೇ ಕೇಳಿ. ಸಾಟಾ ಅಂದರೆ ನಿಮ್ಮ ಹಳೇ ಡಿಸ್ಕಿಗೆ ಇರುವಂಥದ್ದೇ ತಂತಿ ಜೋಡಣೆ. ಈಗ ಅಂಗಡಿಯಲ್ಲಿ ಜಾಸ್ತಿ ಇರುವ, ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಜಾತಿಯದನ್ನು ಕೂರಿಸಲು ಆ ಕಾಲದ ಬೋರ್ಡಿನಲ್ಲಿ ಜಾಗವಿಲ್ಲ. 240 ಜಿಬಿ ಸಾಕು. ಆ ಕಾಲದ ಎಷ್ಟೋ ಬೋರ್ಡುಗಳಲ್ಲಿ ಸಾಟಾ ಕೂಡ ಹಳೇ ವೇಗದ್ದೇ. ಆದರೂ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ಆನ್ ಮಾಡಿ ಕಾಫಿ ಮಾಡಿಕೊಂಡು ಬರುವ ಅಭ್ಯಾಸ ತಪ್ಪಿಹೋಗುತ್ತದೆ.

ಆದರೆ ಬಿಚ್ಚುವುದಕ್ಕೆ ಮುಂಚೆ, ಹಳೇ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಮಾಡಬೇಕಾದ ಕೆಲಸಗಳಿವೆ. ಹೆಚ್ಚಿನವರು ಕಳೆದುಕೊಳ್ಳುವುದು ಇಲ್ಲೇ. ಫೈಲೇನೋ ಉಳಿದಿರುತ್ತದೆ, ಅದನ್ನು ಓದುವ ಉಪಾಯ ಹೋಗಿರುತ್ತದೆ.

ನಿಮ್ಮ ಅಪ್ಪನ ನುಡಿ ಬರಹಗಳನ್ನೇ ತಗೊಳ್ಳಿ. ಆಗಿನ ಕಾಲಕ್ಕೆ ನುಡಿ, ಬರಹ, ಶ್ರೀಲಿಪಿ ಅನ್ನುವ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದರಲ್ಲಿ ಬಹುಪಾಲು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ಕಂಪ್ಯೂಟರ್ ಒಳಗೆ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿಯೇ ಕೂತಿರುತ್ತವೆ. ಅವುಗಳಿಗೆ ಕನ್ನಡದ ವೇಷ ಹಾಕುವುದು ಫಾಂಟು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲನ್ನು ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಚುಕ್ಕಿ, ಗೆರೆ ಇರುವ ಅಕ್ಷರ ಕಾಣಿಸುತ್ತವೆ. "ಫೈಲು ಕರಪ್ಟ್ ಆಗಿದೆ" ಅಂತ ಅಳಿಸಿ ಹಾಕಿದವರಿದ್ದಾರೆ. ಅದಕ್ಕೇ ಕಂಟ್ರೋಲ್ ಪ್ಯಾನೆಲ್‌ನ ಫಾಂಟ್ಸ್ ಫೋಲ್ಡರ್ ತೆರೆಯಿರಿ. ನುಡಿ ಅಂತ ಶುರುವಾಗುವುದು, ಬಿಆರ್‌ಎಚ್ ಅಂತ ಶುರುವಾಗುವುದು, ಶ್ರೀ ಅಂತ ಶುರುವಾಗುವುದು, ಅಷ್ಟನ್ನೂ ಒಂದು ಫೋಲ್ಡರಿಗೆ ಕಾಪಿ ಮಾಡಿ. ಬರಹಗಳ ಜೊತೆಗೇ ಇಡಿ. ನುಡಿ ತಂತ್ರಾಂಶದ ಇನ್‌ಸ್ಟಾಲ್ ಫೈಲು ಸಿಕ್ಕರೆ ಅದನ್ನೂ.

ಆಮೇಲೆ ನಿಧಾನಕ್ಕೆ ಯೂನಿಕೋಡ್‌ಗೆ ಬದಲಾಯಿಸಿ. ನುಡಿ, ಬರಹ ಎರಡರಲ್ಲೂ ಅದಕ್ಕೆ ಪರಿವರ್ತಕ ಇದೆ. ಹಳೇ ಕಂಪ್ಯೂಟರಿನಲ್ಲಿ, ಫಾಂಟ್ ಇರುವ ಜಾಗದಲ್ಲಿ ಮಾಡಿದರೆ ಮೂಲವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಪರಿವರ್ತಕ ಎಡವುವ ಜಾಗಗಳು ಗೊತ್ತಿರಲಿ. ಅರ್ಕಾವತ್ತು ಒಮ್ಮೊಮ್ಮೆ ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಒತ್ತಕ್ಷರ ಕೆಲವು ಕಡೆ ಬಿಟ್ಟುಕೊಳ್ಳುತ್ತವೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ನುಡಿ ಅಕ್ಷರ ಅಂದುಕೊಂಡು ತಿರುಗಿಸಿ ಯಾವ ಭಾಷೆಯೂ ಅಲ್ಲದ ಏನನ್ನೋ ಕೊಡುತ್ತದೆ. ಮೇಷ್ಟ್ರ ಬರಹ ಅಲ್ವಾ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ತಿದ್ದುವುದು ಅವರಿಗೆ ಹೊಸದಲ್ಲ. ಮೂಲ ಫೈಲನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ. ಪಿಡಿಎಫ್ ಮಾಡಿಟ್ಟರೆ ಇನ್ನೂ ಒಳ್ಳೇದು. ಪಿಡಿಎಫ್ ಒಳಗೆ ಫಾಂಟ್ ಸೇರಿಕೊಂಡಿದ್ದರೆ ಎಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ.

ಟ್ಯಾಲಿಯದು ಇದೇ ಕತೆ. ಟ್ಯಾಲಿ ಫೋಲ್ಡರಿನೊಳಗೆ ಡೇಟಾ ಅಂತ ಒಂದು ಫೋಲ್ಡರ್, ಅದರೊಳಗೆ 10000 ಥರದ ಅಂಕೆಯ ಹೆಸರಿನ ಫೋಲ್ಡರುಗಳು ಇರುತ್ತವೆ. ಒಂದೊಂದು ಅಂಕೆಯೂ ಒಂದೊಂದು ಕಂಪನಿಯ ಲೆಕ್ಕ. ಡೇಟಾ ಫೋಲ್ಡರನ್ನು ಇಡಿಯಾಗಿ ಎತ್ತಿಟ್ಟುಕೊಳ್ಳಿ. ಟ್ಯಾಲಿಯೊಳಗಿನ ಬ್ಯಾಕಪ್ ಆಯ್ಕೆಯಿಂದಲೂ ಒಂದು ತೆಗೆದಿಡಿ. ಆವೃತ್ತಿ ಯಾವುದು ಅಂತ ಚೀಟಿಯಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ. ಅಣ್ಣ ಲೈಸೆನ್ಸ್ ಕೊಂಡಿದ್ದರೆ ಈ ಕಂಪ್ಯೂಟರಿನಿಂದ ಅದನ್ನು ಸರೆಂಡರ್ ಮಾಡಿ, ಅಂದರೆ ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಹೊಸ ಕಡೆ ಹಾಕುವಾಗ ಸುಮ್ನೆ ಓಡಾಟ.

ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಫೋಲ್ಡರ್ ಕಾಪಿ ಮಾಡಿದರೆ ಬರುವುದಿಲ್ಲ. ಆ ಪಟ್ಟಿಗೆ ಹಾಕಿರುವ ಬೀಗದ ಕೀ ಹಳೇ ವಿಂಡೋಸ್ ಲಾಗಿನ್ ಹತ್ತಿರ ಇರುತ್ತದೆ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಅಂತ ಇದೆ, ಅದರಿಂದ ತೆಗೆಯಿರಿ. ಆ ಫೈಲಿನಲ್ಲಿ ಎಲ್ಲ ಪಾಸ್‌ವರ್ಡೂ ಬೆತ್ತಲೆಯಾಗಿ ಇರುತ್ತವೆ, ಕೆಲಸ ಮುಗಿದ ಕೂಡಲೇ ಅಳಿಸಿ.

ಈಗ ಕಾಪಿ ಮಾಡುವುದು. ಡಿಸ್ಕ್ ಹೇಗೂ ಉಳಿಯುತ್ತದಲ್ಲ, ಇದ್ಯಾಕೆ ಅಂತೀರಾ? ಬಿಚ್ಚಿ ಸಿಕ್ಕಿಸುವಾಗ ಕೈ ಜಾರಿ ಬಿದ್ದರೂ ಸಾಕು, ಇಷ್ಟು ವಯಸ್ಸಾದ ಡಿಸ್ಕ್ ಮುನಿಸಿಕೊಳ್ಳುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಪುಕ್ಕಟೆ ತಂತ್ರಾಂಶವಿದೆ, ಡಿಸ್ಕಿನ ಆರೋಗ್ಯ ತೋರಿಸುತ್ತದೆ. ನೀಲಿ ಅಥವಾ ಹಸಿರು ಇದ್ದರೆ ಸರಿ. ಹಳದಿ ಬಂದರೆ, ಅಥವಾ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ, ಎಲ್ಲ ಬಿಟ್ಟು ಮೊದಲು ಅಪ್ಪನ ಬರಹ, ಆಮೇಲೆ ಫೋಟೋ ತೆಗೆದುಕೊಳ್ಳಿ. ವೀಡಿಯೋ ಕೊನೆಗೆ. ಬರಹಗಳೆಲ್ಲ ಸೇರಿದರೂ ಒಂದು ಪೆನ್‌ಡ್ರೈವ್ ತುಂಬದಷ್ಟು ಚಿಕ್ಕವು. ಮದುವೆ ವೀಡಿಯೋ ಒಂದೇ ಗಂಟೆಗಟ್ಟಲೆ ಡಿಸ್ಕನ್ನು ದುಡಿಸುತ್ತದೆ.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದು ಬೇಕು. ಗುರುತಿನ ಅಂಗಡಿಯಿಂದ ತನ್ನಿ. ಅಗ್ಗಕ್ಕೆ ಸಿಗುವ "2 ಟಿಬಿ ಪೆನ್‌ಡ್ರೈವ್" ನಂಬಬೇಡಿ. ಒಳಗೆ ಅಷ್ಟು ಜಾಗ ಇರುವುದೇ ಇಲ್ಲ, ತುಂಬಿದ ಮೇಲೂ ಬರೆದ ಹಾಗೆ ನಾಟಕ ಮಾಡುತ್ತದೆ. ಹಳೇ ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೇ ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಅದಕ್ಕೆ ಹೋಗುವುದಿಲ್ಲ. ಎಷ್ಟು ಖಾಲಿ ಇದ್ದರೂ ಫೈಲು ತುಂಬಾ ದೊಡ್ಡದು ಅನ್ನುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಇರುವುದು ಯುಎಸ್‌ಬಿ 2 ಆಗಿರಬಹುದು. ಸೆಕೆಂಡಿಗೆ 30 ಎಂಬಿ ಅಂತ ಲೆಕ್ಕ ಹಿಡಿದರೂ 200 ಜಿಬಿಗೆ ಎರಡು ಗಂಟೆ. ಸಣ್ಣ ಫೈಲುಗಳು ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ನಿಮ್ಮ ಕಡೆ ಮಳೆಗಾಲದ ಕರೆಂಟು ಹೇಗೆ ಅಂತ ಬಲ್ಲೆ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಕರೆಂಟು ನೆಟ್ಟಗಿರುವ ದಿನವನ್ನೇ ನೋಡಿಕೊಂಡು ಕೂರಿ.

ಎಲ್ಲಿಂದ ತೆಗೆಯಬೇಕು? ಡಿ ಡ್ರೈವ್ ಎಲ್ಲರಿಗೂ ನೆನಪಾಗುತ್ತದೆ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲ ಸಾಮಾನ್ಯವಾಗಿ ಇರುವುದು ಸಿಯಲ್ಲೇ. ಸಿ ಒಳಗಿನ ಯೂಸರ್ಸ್ ಫೋಲ್ಡರನ್ನು ಪೂರ್ತಿ ತೆಗೆದುಕೊಳ್ಳಿ, ಆರಿಸುತ್ತಾ ಕೂರಬೇಡಿ.

ಇಲ್ಲಿ ನನ್ನ ಸೋದರಮಾವನ ಕತೆ ಹೇಳಲೇಬೇಕು. ಫಾರ್ಮ್ಯಾಟ್‌ಗೆ ಮುಂಚೆ ಡೆಸ್ಕ್‌ಟಾಪ್ ಮೇಲಿದ್ದ ಅಷ್ಟನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದರು. ಹೆಸರುಗಳೆಲ್ಲ ಕಾಣುತ್ತಿದ್ದವು. ನಾನೂ ಮೇಲಿಂದ ಮೇಲೆ ನೋಡಿ ಸರಿ ಅಂದೆ. ಆಮೇಲೆ ತೆರೆದರೆ ಒಂದೂ ತೆರೆಯಲಿಲ್ಲ. ಅವರು ಕಾಪಿ ಮಾಡಿದ್ದು ಮೂಲೆಯಲ್ಲಿ ಸಣ್ಣ ಬಾಣ ಇರುವ ಶಾರ್ಟ್‌ಕಟ್‌ಗಳನ್ನು. ಒಂದೊಂದೂ ಒಂದೆರಡು ಕೆಬಿ. ಅಸಲಿ ಫೈಲುಗಳು ಸಿಯಲ್ಲಿದ್ದವು, ಸಿ ಅಷ್ಟು ಹೊತ್ತಿಗೆ ಅಳಿಸಿಹೋಗಿತ್ತು. ಮಾವ ಇವತ್ತಿಗೂ ಮದುವೆಮನೆಯಲ್ಲಿ ಸಿಕ್ಕರೆ ಅದನ್ನು ಎತ್ತುತ್ತಾರೆ. ಅಂದಿನಿಂದ ನಾನು ಎರಡು ಕೆಲಸ ತಪ್ಪಿಸುವುದಿಲ್ಲ. ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಎಷ್ಟು ಫೈಲು, ಎಷ್ಟು ಜಿಬಿ ಅಂತ ತಾಳೆ ನೋಡುತ್ತೇನೆ. ಆಮೇಲೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ಅಲ್ಲಿಷ್ಟು ಇಲ್ಲಿಷ್ಟು ಫೈಲು ತೆರೆದು ನೋಡುತ್ತೇನೆ. ನೀವೂ ಬೇರೆ ಕಂಪ್ಯೂಟರಿನಲ್ಲೇ ತೆರೆಯಿರಿ. ನುಡಿ ಫಾಂಟ್ ಬಿಟ್ಟುಹೋಗಿದ್ದರೆ ಅಲ್ಲಿ ತಕ್ಷಣ ಗೊತ್ತಾಗುತ್ತದೆ.

ಜೆರಾಕ್ಸ್ ಅಂಗಡಿಗೆ ಓಡಾಡಿದ ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳೇ ಶಾರ್ಟ್‌ಕಟ್ ಆಗಿ ಕಂಡರೆ ಅದು ವೈರಸ್. ಕ್ಲಿಕ್ ಮಾಡಬೇಡಿ, ಫಾರ್ಮ್ಯಾಟೂ ಮಾಡಬೇಡಿ. ಸಾಮಾನ್ಯವಾಗಿ ಫೈಲುಗಳು ಒಳಗೇ ಇರುತ್ತವೆ, ಅಡಗಿಸಿಟ್ಟಿರುತ್ತದೆ ಅಷ್ಟೇ. ಲಿನಕ್ಸ್‌ನಲ್ಲಿ ತೆರೆದರೆ ಕಾಣಿಸುತ್ತವೆ.

ಲಿನಕ್ಸ್ ಅಂದೆ. ಅದು ವಿಂಡೋಸ್ ಬದಲಿಗೆ ಹಾಕಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಮಿಂಟ್ ಅದರ ಒಂದು ರೂಪ. ನಿಮ್ಮ ಕಂಪ್ಯೂಟರಿಗೆ ನಾನು ಹಾಕುವುದಾದರೆ ಲಿನಕ್ಸ್ ಮಿಂಟ್ ಹಾಕುತ್ತೇನೆ. ದುಡ್ಡಿಲ್ಲ, ಲೈಸೆನ್ಸ್ ಗೋಜಿಲ್ಲ, 4 ಜಿಬಿ ರ‍್ಯಾಮ್‌ನಲ್ಲಿ ಓಡುತ್ತದೆ. 64 ಬಿಟ್ ಬೇಕು, ನಿಮ್ಮ ಐ3 ಅದಕ್ಕೆ ಸಿದ್ಧವಾಗಿಯೇ ಇದೆ, ಇಷ್ಟು ದಿನ 32 ಬಿಟ್ ವಿಂಡೋಸ್ ಹಾಕಿ ಕಟ್ಟಿ ಹಾಕಿದ್ದರು. ಸ್ಟಾರ್ಟ್ ಮೆನು, ಟಾಸ್ಕ್‌ಬಾರ್ ಎಲ್ಲ ವಿಂಡೋಸ್ 7 ಥರವೇ. ಲಿಬ್ರೆ ಆಫೀಸಿನಲ್ಲಿ ಅಪ್ಪನ ಹಳೇ ವರ್ಡ್ ಫೈಲು ತೆರೆಯುತ್ತವೆ, ಎತ್ತಿಟ್ಟುಕೊಂಡ ಫಾಂಟುಗಳನ್ನು ಅಲ್ಲೂ ಹಾಕಿದರೆ ಕನ್ನಡವಾಗಿ ಕಾಣುತ್ತವೆ. ಟೈಪ್ ಮಾಡಲು ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ, ಅಂದರೆ ನುಡಿಯದ್ದೇ, ಅದರಲ್ಲೂ ಸಿಗುತ್ತದೆ. ಬರೆಯುವುದು ಯೂನಿಕೋಡ್‌ನಲ್ಲಿ, ಬೆರಳು ಓಡುವುದು ಹಳೇ ಅಭ್ಯಾಸದಲ್ಲೇ. ಟ್ಯಾಲಿ ಮಾತ್ರ ವಿಂಡೋಸ್‌ನದ್ದು. ಅಣ್ಣನ ಲೆಕ್ಕ ಅಣ್ಣನ ಕಂಪ್ಯೂಟರಿಗೇ ಹೋಗಲಿ. ಪ್ರಿಂಟರ್ ತುಂಬಾ ಹಳೆಯದಾದರೆ ಲಿನಕ್ಸ್‌ನಲ್ಲಿ ಸತಾಯಿಸಬಹುದು.

ಅದಕ್ಕೇ ಹಾಕುವ ಮುಂಚೆ ಪರೀಕ್ಷೆ ಮಾಡಿ. ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು, ಡಿಸ್ಕಿಗೆ ಒಂದಕ್ಷರ ಬರೆಯುವುದಿಲ್ಲ. ಪ್ರಿಂಟರ್, ಇಂಟರ್‌ನೆಟ್, ಸೌಂಡ್, ಬ್ಯಾಂಕಿನ ಸೈಟು, ಎಲ್ಲ ನೋಡಿಕೊಳ್ಳಿ. ಆ ಪೆನ್‌ಡ್ರೈವ್ ತಯಾರು ಮಾಡುವಾಗ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಬ್ಯಾಕಪ್ ಇಟ್ಟ ಪೆನ್‌ಡ್ರೈವನ್ನೇ ಇದಕ್ಕೆ ಬಳಸಿದ ಪುಣ್ಯಾತ್ಮರಿದ್ದಾರೆ.

ಸರಿ ಅನಿಸಿತಾ, ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಹಳೇ ಡಿಸ್ಕಿನ ಎರಡೂ ತಂತಿ ತೆಗೆಯಿರಿ. ನೀವೇ ಮಾಡಲು ಧೈರ್ಯವಿಲ್ಲದಿದ್ದರೆ ಅಂಗಡಿಗೇ ಕೊಡಿ, ಡಿಸ್ಕನ್ನು ನಿಮ್ಮೆದುರೇ ಬಿಚ್ಚಿಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬನ್ನಿ. ಕ್ಯಾಬಿನೆಟ್ಟು, ಎಸ್‌ಎಸ್‌ಡಿ ಮಾತ್ರ ಅವರ ಹತ್ತಿರ ಇರಲಿ. ಮನೆಯ ಫೋಟೋಗಳು ಬೇರೆಯವರ ಕೈಗೆ ಹೋಗುವುದೂ ತಪ್ಪಿತು. ಹೊಸದು ಎದ್ದು ನಿಂತ ಮೇಲೆ ಫೈಲುಗಳನ್ನು ಎಕ್ಸ್‌ಟರ್ನಲ್ ಡಿಸ್ಕಿನಿಂದ ಒಳಗೆ ತನ್ನಿ. ಹಳೆಯದರಿಂದಲೇ ಏನಾದರೂ ತೆಗೆಯಬೇಕಾದರೆ ಯುಎಸ್‌ಬಿ ಕೇಸ್ ಸಿಗುತ್ತದೆ. ಡೆಸ್ಕ್‌ಟಾಪಿನ ಡಿಸ್ಕ್ ಮೂರೂವರೆ ಇಂಚಿನದು, ಬೇರೆ ಅಡಾಪ್ಟರ್ ಇರುವ ಕೇಸೇ ಬೇಕು. ಲ್ಯಾಪ್‌ಟಾಪ್ ಡಿಸ್ಕಿನ ಕೇಸ್ ಆಗದು. ಹಳೇ ಡಿಸ್ಕಿನ ಮೇಲೆ ತಾರೀಖು ಬರೆದು ಒಂದು ವರ್ಷ ಬೀರುವಿನಲ್ಲಿಡಿ. ಯಾವುದೋ ಮರೆತ ಫೋಲ್ಡರ್ ಆರು ತಿಂಗಳಿಗೆ ನೆನಪಾಗುವುದು ಮಾಮೂಲು.

ಮಿಂಟ್ ಒಗ್ಗದಿದ್ದರೆ, ಆಫೀಸುಗಳಿಂದ ಬಂದ ಎಂಟನೇ ತಲೆಮಾರಿನ ರಿಫರ್ಬಿಷ್ಡ್ ಕಂಪ್ಯೂಟರ್ ಕೊಳ್ಳಿ, ವಿಂಡೋಸ್ 11 ನ್ಯಾಯವಾಗಿ ಓಡುತ್ತದೆ. ಈ ಎಸ್‌ಎಸ್‌ಡಿ ಅಲ್ಲಿಗೂ ಆಗುತ್ತದೆ, ದುಡ್ಡು ದಂಡವಲ್ಲ.

ಇದನ್ನು ಓದುತ್ತಿರುವ ವಿಂಡೋಸ್ 10ರವರಿಗೂ ಎರಡು ಮಾತು. ನಿಮ್ಮ ಯಂತ್ರ 11ಕ್ಕೆ ಅರ್ಹವಾಗಿದ್ದರೆ ಫೈಲು ಉಳಿಸಿಕೊಂಡೇ ಮೇಲೇರಬಹುದು. ಸೆಟಪ್ಪನ್ನು ವಿಂಡೋಸ್ ಒಳಗಿನಿಂದ ಓಡಿಸಬೇಕು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಆ ದಾರಿ ಸಿಗುವುದಿಲ್ಲ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ 48 ಅಂಕೆಯ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡು ಕೂರಿ. ಇಷ್ಟವಾಗದಿದ್ದರೆ ವಾಪಸ್ ಹೋಗಲು 10 ದಿನ ಇದೆ, ಆಮೇಲೆ ಹಳೆಯದನ್ನು ಅದೇ ಅಳಿಸಿಬಿಡುತ್ತದೆ. ಬ್ಯಾಕಪ್ ಇವರಿಗೂ ತಪ್ಪಿದ್ದಲ್ಲ.

ಇನ್ನು ನಿಮ್ಮ ಅಪ್ಪ. ಬಿಚ್ಚುವ ಮುಂಚೆ ಅವರ ಡೆಸ್ಕ್‌ಟಾಪಿನ ಫೋಟೋ ಒಂದನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಹೊಸದರಲ್ಲಿ ಅದೇ ಹೆಸರಿನ ಫೋಲ್ಡರುಗಳನ್ನು ಅದೇ ಜಾಗದಲ್ಲಿ ಜೋಡಿಸಿ, ಅದೇ ವಾಲ್‌ಪೇಪರ್ ಹಾಕಿ, ಅಕ್ಷರ ಒಂದು ಅಳತೆ ದೊಡ್ಡದು ಮಾಡಿ. ಆಮೇಲೆ ಏನೂ ಹೇಳದೆ ಅವರನ್ನು ಕುರ್ಚಿಯಲ್ಲಿ ಕೂರಿಸಿ.